ಬಿಗಿನರ್ ಲೈಸೆನ್ಸು

ಜೂನ್ 8, ಭಾನುವಾರ

ಬೆಳಿಗ್ಗೆ ಶುಗರ್ 162.

ಮೋನಿಕಾ ಈ ಡೈರಿ ಕೊಟ್ಟಿದ್ದು ಇದನ್ನು ಬರೆದಿಡಲಿಕ್ಕೆ. ಬರೆದಾಯಿತು. ಉಳಿದ ಜಾಗದಲ್ಲಿ ಏನು ಬೇಕಾದರೂ ಗೀಚಿಕೊಳ್ಳುವುದು ನನ್ನಿಷ್ಟ.

ಮೋನಿಕಾ ನನ್ನ ಒಬ್ಬಳೇ ಮಗಳು, ಬಿ.ಸಿ.ಎ. ಕೊನೇ ವರ್ಷ. ಅವಳ ಕಂಪ್ಯೂಟರಿನಲ್ಲಿ ಕಾರ್ ರೇಸ್ ಹಾಕಿಕೊಂಡಿದ್ದಾಳೆ. ಆಟ ಅನ್ನಬಾರದಂತೆ, ಸಿಮ್ಯುಲೇಟರ್ ಅನ್ನಬೇಕಂತೆ. ನಿಜವಾದ ಗಾಡಿಯ ಹಾಗೇ ಬ್ರೇಕು, ಟೈರು, ತೂಕ ಎಲ್ಲವೂ ಲೆಕ್ಕಕ್ಕೆ ಬರುತ್ತದಂತೆ. ಊಟ ಮಾಡಿ ತೂಕಡಿಸುತ್ತಿದ್ದವನನ್ನು ಎಳೆದುಕೊಂಡು ಹೋಗಿ ಕೂರಿಸಿದಳು. ಶುರುವಿಗೇ ಅದು ಲೈಸೆನ್ಸ್ ಕೇಳುತ್ತದೆ. ಬಿಗಿನರ್, ಸೆಮಿ ಪ್ರೊ, ಪ್ರೊ. ಮೂರರಲ್ಲಿ ಒಂದನ್ನು ನಾವೇ ಆರಿಸಬೇಕು.

"ಬಿಗಿನರ್ ಒತ್ತಪ್ಪ. ಎಲ್ಲಾರೂ ಅಲ್ಲಿಂದಾನೇ ಶುರು ಮಾಡೋದು" ಎಂದಳು.

"ಯಾರ್ಗೇ ಹೇಳ್ತಿದೀಯ? ಕುಣಿಗಲ್ ಲೈನಲ್ಲಿ ಹದಿನಾರು ವರ್ಷ ಬಸ್ ಓಡ್ಸಿದೀನಿ. ಸ್ಕೂಲ್ ಬಸ್ಸು ಹತ್ತು ವರ್ಷ. ಒಂದು ಕೋಳಿ ಮರೀಗೂ ತಾಗಿಸಿಲ್ಲ. ಪ್ರೊ ಒತ್ತು."

ಒತ್ತಿದಳು. ಕೈಗೆ ಗೇಮ್‌ಪ್ಯಾಡ್ ಕೊಟ್ಟಳು. ಅದು ಎರಡೂ ಕೈಯಲ್ಲಿ ಹಿಡಿದು ಹೆಬ್ಬೆರಳಿನಲ್ಲಿ ತಿರುಗಿಸುವ ಒಂದು ಡಬ್ಬಿ. ಹೊಸಬರಿಗೆ ಇದೇ ಸುಲಭ, ಸ್ಟೇರಿಂಗ್ ಆಮೇಲೆ ತಗೊಂಡರಾಯಿತು ಎಂದು ಅವಳ ಉಪದೇಶ. ಮೂರು ರೇಸಿನಲ್ಲಿ ಹನ್ನೊಂದು ಸಲ ಬೇರೆ ಗಾಡಿಗಳಿಗೆ ಗುದ್ದಿದೆ. ಗುದ್ದಿದಾಗಲೆಲ್ಲ ಪಾಯಿಂಟು ಕಳೆಯುತ್ತಾರೆ. ಸಂಜೆ ಕಾಫಿ ಹೊತ್ತಿಗೆ ನನ್ನನ್ನು ಪ್ರೊದಿಂದ ಸೆಮಿ ಪ್ರೊಗೆ ಇಳಿಸಿದ್ದರು.

ಹೆಬ್ಬೆರಳಿನಲ್ಲಿ ಗಾಡಿ ಓಡಿಸು ಎಂದರೆ ಯಾವನು ಓಡಿಸಿಯಾನು? ತಪ್ಪು ಆ ಡಬ್ಬಿಯದು.

ಜೂನ್ 10, ಮಂಗಳವಾರ

155.

ಶೆಟ್ಟಿಹಳ್ಳಿಯ ಮನೆಯನ್ನು ಆರೂ ಹತ್ತಕ್ಕೆ ಬಿಟ್ಟು, ಶಾಲೆಯ ಶೆಡ್ಡಿನಿಂದ ಬಸ್ ತೆಗೆದು, ಹೆಬ್ಬೂರಿನ ತನಕ ಖಾಲಿ ಹೋಗಿ, ಅಲ್ಲಿಂದ ಮಕ್ಕಳನ್ನು ಹತ್ತಿಸಿಕೊಳ್ಳುತ್ತಾ ತುಮಕೂರಿಗೆ ವಾಪಸ್. ಇಪ್ಪತ್ತೆರಡು ಮಕ್ಕಳು. ಬಸ್ಸಿನ ಆಯಾ ಚಿಕ್ಕಮಾರಮ್ಮ ಎಡಬಾಗಿಲ ಮೆಟ್ಟಿಲ ಮೇಲೇ ನಿಂತಿರುತ್ತಾಳೆ. ಮಗು ಹತ್ತಿತೋ, "ರೈಟ್ ಅಣ್ಣ" ಎನ್ನುತ್ತಾಳೆ, ನಾನು ಗಾಡಿ ಎತ್ತುತ್ತೇನೆ. ಯಾವನಾದರೂ ಎಡಕ್ಕೆ ಸ್ಕೂಟರ್ ನುಗ್ಗಿಸಿದರೆ "ಎಡಕ್ಕೈತೆ, ತಡೀರಿ" ಎನ್ನುತ್ತಾಳೆ, ನಿಲ್ಲಿಸುತ್ತೇನೆ. ಹತ್ತು ವರ್ಷದ ಜೋಡಿ ನಮ್ಮದು.

ಇತ್ತೀಚೆಗೆ ಮಾತ್ರ ಅವಳ ಕೂಗಾಟ ಜಾಸ್ತಿಯಾಗಿದೆ. ಇವತ್ತು ಎಂಟು ಸಲ "ತಡೀರಿ" ಎಂದಳು. ವಯಸ್ಸಾಯಿತು, ಗಾಬರಿ ಹೆಚ್ಚು.

ಜೂನ್ 15, ಭಾನುವಾರ

ಮೋನಿಕಾಳ ಕ್ಲಾಸಿನ ಸಂತೋಷ್ ಎಂಬ ಹುಡುಗನ ಹತ್ತಿರ ಸ್ಟೇರಿಂಗ್ ಸೆಟ್ ಇದೆಯಂತೆ. ಒಂದು ತಿಂಗಳಿಗೆ ಎಂದು ಇಸಿದುಕೊಂಡು ಬಂದಳು. ಮೇಜಿಗೆ ಬಿಗಿಯುವ ಸ್ಟೇರಿಂಗು, ಕಾಲ ಕೆಳಗೆ ಪೆಡಲು. ಹಿಡಿದ ತಕ್ಷಣ ಮೈಯೆಲ್ಲ ಜುಮ್ಮೆಂದಿತು. ತಿರುವಿನಲ್ಲಿ ಅದು ಕೈಯನ್ನು ಎಳೆಯುತ್ತದೆ, ಥೇಟು ಹಳೇ ಬಸ್ಸಿನ ಸ್ಟೇರಿಂಗಿನ ಹಾಗೆ. ಈಗ ತೋರಿಸುತ್ತೇನೆ ನೋಡು ಎಂದು ಕೂತೆ.

ಒಂಬತ್ತು ಸಲ ಗುದ್ದಿದೆ.

ರೇಸ್ ಮುಗಿದ ಮೇಲೆ ಅದು ನಡೆದದ್ದನ್ನೆಲ್ಲ ಮೇಲಿನಿಂದ ಮತ್ತೆ ತೋರಿಸುತ್ತದೆ. ಮೋನಿಕಾ ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿದಳು.

"ಅಪ್ಪ, ಎಲ್ಲಾ ಎಡಗಡೇನೇ ಹೊಡ್ದಿದೀಯ. ಬಲಗಡೆ ಒಂದೂ ಇಲ್ಲ."

"ಫಾರಿನ್ ಆಟ ಕಣಮ್ಮ. ಅವ್ರ ಸ್ಟೇರಿಂಗ್ ಎಡಗಡೆ ಇರುತ್ತೆ. ನಮ್ಮ ಕೈಗೆ ಹೊಂದಲ್ಲ."

ಅವಳು ಅದೇನೋ ಒತ್ತಿ ತೆರೆಯ ಮೇಲಿನ ಸ್ಟೇರಿಂಗನ್ನು ಬಲಗಡೆಗೆ ತಂದಳು. ಮತ್ತೆ ಆಡಿದೆ. ಮತ್ತೆ ಅದೇ. ಗಾಡಿಗಳು ಎಲ್ಲಿಂದ ಬರುತ್ತವೋ ಗೊತ್ತಾಗುವುದಿಲ್ಲ, ಇರುವುದೇ ಇಲ್ಲ, ಇದ್ದಕ್ಕಿದ್ದ ಹಾಗೆ ಬಾನೆಟ್ಟಿನ ಮುಂದೆ ಹುಟ್ಟಿಕೊಳ್ಳುತ್ತವೆ. ಇಂಥ ಮೋಸದ ಆಟ ಎಲ್ಲಾದರೂ ಉಂಟೇ? ಸೆಮಿ ಪ್ರೊ ಕೂಡ ಹೋಯಿತು. ಈಗ ನಾನು ಬಿಗಿನರ್.

ನನ್ನ ಹೆಂಡತಿ ಸ್ವರ್ಣಲತಾ ಕಾಳು ಆರಿಸುತ್ತಾ, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ" ಎಂದು ನಕ್ಕಳು. ನಾನೂ ನಕ್ಕೆ. ಮೋನಿಕಾ ನಗಲಿಲ್ಲ. "ಅಪ್ಪ, ಮೇ ತಿಂಗಳಲ್ಲಿ ತಲೆನೋವು ಅಂತ ಮಲಗಿದ್ಯಲ್ಲ, ಅವತ್ತು ನಿಂಗೇನಾಗಿತ್ತು?" ಎಂದು ಕೇಳಿದಳು. ಅವತ್ತು ಕಣ್ಣಿಗೆ ಕತ್ತಲೆ ಕವಿದ ಹಾಗಾಗಿ ಅರ್ಧ ದಿನ ಮಲಗಿದ್ದು ನಿಜ. ಆ ಬಿಸಿಲಿಗೆ ಯಾರಿಗಾದರೂ ಬರುತ್ತದೆ. ಅದಕ್ಕೂ ಆಟಕ್ಕೂ ಏನು ಸಂಬಂಧ?

ಜೂನ್ 19, ಗುರುವಾರ

148. ಬಚ್ಚಲ ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದು ಊದಿದೆ. ಈ ವಾರದಲ್ಲಿ ಎರಡನೇ ಸಲ. ಬಾಡಿಗೆ ಮನೆಯವರು ಬಾಗಿಲನ್ನು ಇಷ್ಟು ಇಕ್ಕಟ್ಟಾಗಿ ಯಾಕೆ ಇಡುತ್ತಾರೋ.

ಜೂನ್ 22, ಭಾನುವಾರ

ಗುಬ್ಬಿಯಲ್ಲಿ ಸ್ವರ್ಣಲತಾಳ ಚಿಕ್ಕಪ್ಪನ ಮಗನ ಮದುವೆ. ಮೂವರೂ ಬಸ್ಸಿನಲ್ಲಿ ಹೋದೆವು. ಊಟಕ್ಕೆ ಮೊದಲ ಪಂಕ್ತಿಯಲ್ಲೇ ಕೂತೆ. ಅನ್ನ ಬಂತು, ಸಾರು ಬಂತು. ಉಪ್ಪಿಲ್ಲ, ಉಪ್ಪಿನಕಾಯಿ ಇಲ್ಲ, ಕೋಸಂಬರಿ ಇಲ್ಲ. ಎಲೆಯ ಎಡತುದಿಗೆ ಮೊದಲು ಬೀಳಬೇಕಾದದ್ದೇ ಅವು. ಬಡಿಸುವವನನ್ನು ಕರೆದು ಚೆನ್ನಾಗಿ ಬೈದೆ.

"ಆಗ್ಲೇ ಹಾಕಿದೀನಲ್ಲ ಸಾರ್" ಎಂದ.

"ಎಲ್ಲಯ್ಯ ಹಾಕಿದೀಯ? ನಿನ್ನ ತಲೆ ಮೇಲಾ?"

ಪಕ್ಕದಲ್ಲಿ ಕೂತವರು ತಿರುಗಿ ನೋಡಿದರು. ಮೋನಿಕಾ ಕೈ ಚಾಚಿ ನನ್ನ ಎಲೆಯನ್ನು ಬಲಕ್ಕೆ ಒಂದು ಗೇಣು ಜರುಗಿಸಿದಳು. ಉಪ್ಪಿನಕಾಯಿ, ಉಪ್ಪು, ಕೋಸಂಬರಿ, ಹುರುಳಿಕಾಯಿ ಪಲ್ಯ, ಎಲ್ಲಾ ಇತ್ತು. ನಾನು ಬೈಯುತ್ತಿದ್ದಾಗ ಆ ಆಸಾಮಿ ಸದ್ದಿಲ್ಲದೆ ಹಾಕಿಬಿಟ್ಟಿರಬೇಕು. ಮದುವೆಮನೆ ಬಡಿಸುವವರು ಕೈಚಳಕದವರು.

ವಾಪಸ್ ಬರುವಾಗ ಮೋನಿಕಾ ಬಸ್ಸಿನಲ್ಲಿ ನನ್ನ ಎಡಗಡೆ ಕೂತು, ದಾರಿಯುದ್ದಕ್ಕೂ ನನ್ನನ್ನೇ ನೋಡುತ್ತಿದ್ದಳಂತೆ. ಸ್ವರ್ಣಲತಾ ಹೇಳಿದಳು. ನಾನು ನೋಡಲಿಲ್ಲ.

ಜೂನ್ 27, ಶುಕ್ರವಾರ

ಮನಸ್ಸು ಕೆಟ್ಟಿದೆ. ಶುಗರ್ ನೋಡಲಿಲ್ಲ.

ಸಂಜೆ ಬಂದು ಶರ್ಟು ಬಿಚ್ಚುವ ಮುಂಚೆಯೇ ಮೋನಿಕಾ ಕುರ್ಚಿಯಲ್ಲಿ ಕೂರಿಸಿದಳು. ನನ್ನ ಮೂಗು ನೋಡ್ತಾ ಇರು, ಕತ್ತು ತಿರುಗಿಸಬೇಡ ಎಂದಳು. ಎದುರಿಗೆ ನಿಂತು ಎರಡೂ ಕೈ ಅಗಲಿಸಿ, ಎಷ್ಟು ಬೆರಳು ಎಂದು ಕೇಳುತ್ತಾ ಹೋದಳು. ಎರಡು ಅಂದೆ, ಮೂರು ಅಂದೆ, ಒಂದು ಅಂದೆ. ಸುಲಭವಾಗಿಯೇ ಇತ್ತು.

"ಅಪ್ಪ, ನಾನು ಎರಡೂ ಕೈಲಿ ತೋರಿಸ್ತಿದ್ದೆ. ನೀನು ಒಂದೇ ಕೈದು ಹೇಳ್ತಿದೀಯ. ನಿಂಗೆ ಎಡಗಡೆ ಅರ್ಧ ಕಾಣಿಸ್ತಿಲ್ಲ. ಕಣ್ಣಲ್ಲ, ತಲೇಲಿ ಏನೋ ಆಗಿರ್ಬೋದು ಅಂತ ನೆಟ್ಟಲ್ಲಿ ಓದ್ದೆ. ನಾಳೆ ಡಾಕ್ಟ್ರ ಹತ್ರ ಹೋಗಣ. ಅಲ್ಲೀತಂಕ ಬಸ್ ಎತ್ಬೇಡ. ಮಕ್ಕಳು ಹತ್ತೋದು ಇಳಿಯೋದು ಅದೇ ಕಡೆ ಅಪ್ಪ."

ನಾನು ಎದ್ದು ನಿಂತೆ. ಬೀರುವಿನಿಂದ ಲೈಸೆನ್ಸ್ ತೆಗೆದು ಅವಳ ಮುಂದೆ ಹಾಕಿದೆ. ಹೋದ ವಾರ ತಾನೇ ರಿನ್ಯೂ ಆಗಿದೆ. ಮೆಡಿಕಲ್ ಸರ್ಟಿಫಿಕೇಟಿಗೆ ಡಾಕ್ಟರ ಸಹಿ ಇದೆ. ಏಜೆಂಟು ಹನ್ನೆರಡು ಜನ ಡ್ರೈವರುಗಳನ್ನು ಒಟ್ಟಿಗೆ ಕರೆದುಕೊಂಡು ಹೋಗಿದ್ದ. ಡಾಕ್ಟರು ತಲೆ ಎತ್ತದೆ "ಕಣ್ಣು ಚೆನ್ನಾಗಿದೆಯಾ" ಎಂದರು, "ಚೆನ್ನಾಗಿದೆ ಸಾರ್" ಎಂದೆ, ಸಹಿ ಹಾಕಿದರು. ಎಲ್ಲರಿಗೂ ಹಾಗೇ ಹಾಕುವುದು. ಮೀನಿನ ಮರಿ ಬಂದು ಮೀನಿಗೆ ಈಜು ಕಲಿಸುತ್ತದಂತೆ.

ಅವಳ ಹೆದರಿಕೆ ನನಗೆ ಅರ್ಥವಾಗುವುದಿಲ್ಲ ಎಂದಲ್ಲ. ಆದರೆ ಹೆವಿ ಲೈಸೆನ್ಸ್ ಒಮ್ಮೆ ಹೋದರೆ ಈ ವಯಸ್ಸಿನಲ್ಲಿ ಯಾರು ಮತ್ತೆ ಕೊಡುತ್ತಾರೆ? ಡ್ರೈವರ್ ಲಕ್ಷ್ಮೀಕಾಂತ್ ಎನ್ನುತ್ತಾರೆ ಜನ. ಆ ಮೊದಲ ಪದ ತೆಗೆದುಹಾಕಿದರೆ ಬರೀ ಲಕ್ಷ್ಮೀಕಾಂತ್ ಯಾರು ಎಂದು ನನಗೇ ಗೊತ್ತಿಲ್ಲ. ಹೆದರಿಕೆಯಾಗುತ್ತದೆ, ಬರೆದುಕೊಳ್ಳುವುದಕ್ಕೇನು ನಾಚಿಕೆ.

ಜುಲೈ 1, ಮಂಗಳವಾರ

ಶುಗರ್ 150. ಇವತ್ತು ಮೋನಿಕಾಳಿಗೆ ಬಾಯಿ ಮುಚ್ಚಿಸಿದೆ.

ಬಿಗಿನರ್ ಲೈಸೆನ್ಸಿನಲ್ಲಿ ಒಂದು ಅನುಕೂಲವಿದೆ, ಬೇರೆ ಗಾಡಿಗಳೇ ಇಲ್ಲದ ಖಾಲಿ ಟ್ರ್ಯಾಕು. ದಾರಿ ಎಲ್ಲಿ ಹೋಗಬೇಕು ಎಂದು ನೆಲದ ಮೇಲೆ ಹಸಿರು ಗೆರೆ ಬೇರೆ ಬರುತ್ತದೆ. ಗೆರೆ ಹಿಡಿದು ಹತ್ತು ಸುತ್ತು ಹೋದೆ. ಒಂದು ಸಲವೂ ಗುದ್ದಲಿಲ್ಲ. ಪೂರ್ತಿ ಪಾಯಿಂಟು.

"ನೋಡ್ದಾ? ಕಾಣ್ದೆ ಇರೋನು ಹಿಂಗೆ ಓಡಿಸ್ತಾನಾ?"

"ಅಲ್ಲಿ ಯಾರೂ ಇರ್ಲಿಲ್ಲ ಅಪ್ಪ" ಎಂದಳು ಮೋನಿಕಾ.

ಮಾತಿಗೊಂದು ಎದುರು ಮಾತು. ಸ್ಟೇರಿಂಗ್ ಸೆಟ್ಟನ್ನು ಬಿಚ್ಚಿ ಆ ಸಂತೋಷನಿಗೆ ವಾಪಸ್ ಕೊಟ್ಟು ಬಾ ಎಂದೆ. ಕೊಡಲಿಲ್ಲ.

ಜುಲೈ 3, ಗುರುವಾರ

ಚಿಕ್ಕಮಾರಮ್ಮ ಇವತ್ತಿನಿಂದ ರಜೆ. ನಿಟ್ಟೂರಿನಲ್ಲಿ ಮಗಳಿಗೆ ದಿನ ತುಂಬಿದೆ. ನಿನ್ನೆ ಸಂಜೆ ಬಸ್ ಶೆಡ್ಡಿಗೆ ಬಿಟ್ಟ ಮೇಲೆ ಚೀಲ ಹಿಡಿದುಕೊಂಡು ಸುಮ್ಮನೆ ನಿಂತಿದ್ದಳು. ಏನಮ್ಮ ಎಂದೆ.

"ಏನಿಲ್ಲ ಬುಡಣ್ಣ. ನಾನಿಲ್ದಾಗ ವಸಿ ನಿಧಾನ. ಈಗೀಗ ನಾನು ಹೇಳ್ದಲೆ ನೀವು ಎಡಕ್ಕೆ ನೋಡೋದೇ ಇಲ್ಲ."

ಅವಳೂ ಶುರು ಮಾಡಿದಳು. ಮೋನಿಕಾ ಏನಾದರೂ ಫೋನ್ ಮಾಡಿ ಕಿವಿ ಊದಿರಬೇಕು.

ಹೊಸ ಆಯಾ ಹದಿನಾಲ್ಕಕ್ಕೆ ಬರುತ್ತಾಳಂತೆ. ಅಲ್ಲಿಯ ತನಕ ದೊಡ್ಡ ಮಕ್ಕಳೇ ಬಾಗಿಲು ತೆಗೆದು ಹಾಕಿಕೊಳ್ಳಲಿ ಎಂದರು ಮ್ಯಾನೇಜರ್ ಗೋವಿಂದರಾಜು. "ನೀವಿದೀರಲ್ಲ, ಇನ್ನೇನ್ ಬೇಕು" ಎಂದರು. ಅಷ್ಟು ಮಾತು ಮನೆಯವರ ಬಾಯಲ್ಲಿ ಬಂದರೆ ಸಾಕಾಗಿತ್ತು.

ಜುಲೈ 4, ಶುಕ್ರವಾರ

ಬಸ್ಸಿನ ಎಡಮೈಗೆ ಉದ್ದಕ್ಕೆ ಗೀರು. ಯಾರು ಮಾಡಿದರೋ.

ಜುಲೈ 5, ಶನಿವಾರ

ಎಡಗಡೆ ಕನ್ನಡಿ ಒಳಕ್ಕೆ ಮಡಚಿಕೊಂಡಿತ್ತು. ಯಾವ ಸ್ಟಾಪಿನಲ್ಲಿ ಮಡಚಿಕೊಂಡಿತೋ ತಿಳಿಯದು. ಆರನೇ ಕ್ಲಾಸಿನ ಹುಡುಗಿ ಹೇಳಿದ ಮೇಲೆ ಗೊತ್ತಾಯಿತು. ಕನ್ನಡಿ ಲೂಸಾಗಿದೆ, ಬದಲಾಯಿಸಿ ಎಂದು ಬರೆದು ಕೊಟ್ಟಿದ್ದೇನೆ.

ಜುಲೈ 8, ಮಂಗಳವಾರ

ಹೊಟ್ಟೆಯಲ್ಲಿ ಹುಟ್ಟಿದ ಮಗಳು ಹೋಗಿ ಅಪ್ಪನ ಅನ್ನಕ್ಕೆ ಕಲ್ಲು ಹಾಕಿ ಬಂದಳು.

ಮಧ್ಯಾಹ್ನ ಗೋವಿಂದರಾಜು ಆಫೀಸಿಗೆ ಕರೆದರು. ಮೋನಿಕಾ ಕಾಲೇಜು ತಪ್ಪಿಸಿ ಅವರ ಹತ್ತಿರ ಬಂದಿದ್ದಳಂತೆ. ಅಪ್ಪನಿಗೆ ಎಡಗಡೆ ಕಾಣುವುದಿಲ್ಲ, ಬಸ್ ಕೊಡಬೇಡಿ ಎಂದಳಂತೆ. ಹೇಗೆ ಗೊತ್ತು ಎಂದು ಇವರು ಕೇಳಿದ್ದಕ್ಕೆ ಕಂಪ್ಯೂಟರಿನಲ್ಲಿ ನಾನು ಗುದ್ದಿದ್ದರ ಪಟ್ಟಿ ತೋರಿಸಿದಳಂತೆ. ಗೋವಿಂದರಾಜು ಹೊಟ್ಟೆ ಹಿಡಿದುಕೊಂಡು ನಕ್ಕರು.

"ವಿಡಿಯೋ ಗೇಮಲ್ಲಿ ಫೇಲಾದ್ರೆ ಡ್ರೈವರ್ ಕೆಲಸದಿಂದ ತೆಗೀಬೇಕಾ ಲಕ್ಷ್ಮೀಕಾಂತ್? ಮೆಡಿಕಲ್ ಸರ್ಟಿಫಿಕೇಟ್ ಫೈಲಲ್ಲಿದೆ ಕಣಮ್ಮ, ಹೋಗು ಅಂದೆ. ಅತ್ಕೊಂಡು ಹೋಯ್ತು ಪಾಪ."

ನಾನೂ ನಕ್ಕೆ. ಆದರೆ ಮನೆಗೆ ಬಂದ ಮೇಲೆ ಅವಳ ಹತ್ತಿರ ಮಾತಾಡಲಿಲ್ಲ. ಊಟಕ್ಕೆ ಬಡಿಸಿದ್ದನ್ನೂ ಮುಟ್ಟಲಿಲ್ಲ. ಸ್ವರ್ಣಲತಾ ಮಧ್ಯೆ ಬಂದು, "ಒಂದ್ಸಲ ತೋರಿಸ್ಕೊಂಡ್ ಬಂದ್ರೆ ಏನ್ ಕಳ್ಕೊತೀರ" ಎಂದಳು. ನೀನೂ ಅವಳ ಕಡೆಯೇ ಎಂದೆ. ಈ ಮನೆಯಲ್ಲಿ ಇನ್ನು ನನಗೆ ಯಾರೂ ಇಲ್ಲ.

ಜುಲೈ 10, ಗುರುವಾರ

ಸಂಜೆ ಟ್ರಿಪ್ಪು. ಹೆಬ್ಬೂರಿಗೆ ಮುಂಚೆ ಹೊಂಗೆಮರದ ಹತ್ತಿರ ಒಂದು ಸ್ಟಾಪು. ಅಲ್ಲಿ ಪೂಜಾ ಇಳಿಯುತ್ತಾಳೆ, ಒಂದನೇ ಕ್ಲಾಸು. ತಾತ ಗುಂಡಯ್ಯ ಬಂದು ಕರೆದುಕೊಂಡು ಹೋಗುತ್ತಾರೆ. ಅವಳು ಇಳಿದಳು, ಬಾಗಿಲು ಹಾಕಿದ ಸದ್ದಾಯಿತು, ಎತ್ತಿದೆ. ಮೂರಡಿ ಹೋಗಿದ್ದೆನೋ ಇಲ್ಲವೋ, ಯಾರೋ ಬಸ್ಸಿನ ತಗಡನ್ನು ಎರಡೂ ಕೈಯಲ್ಲಿ ಬಡಿಯತೊಡಗಿದರು. ಬ್ರೇಕ್ ಹಾಕಿ ಇಳಿದು ಸುತ್ತಿಕೊಂಡು ಹೋದೆ.

ಪೂಜಾ ಮುಂದಿನ ಎಡಚಕ್ರದ ಹತ್ತಿರ ಕೂತಿದ್ದಳು. ಚಪ್ಪಲಿಯ ಬಾರು ಕಳಚಿಕೊಂಡು ಸರಿಮಾಡಿಕೊಳ್ಳುತ್ತಿದ್ದಳಂತೆ. ಚಕ್ರಕ್ಕೂ ಅವಳ ಮೊಣಕಾಲಿಗೂ ನನ್ನ ಒಂದು ಅಂಗೈ ಇಡುವಷ್ಟು ಜಾಗ. ಗುಂಡಯ್ಯನವರು ತಗಡಿಗೆ ಒರಗಿಕೊಂಡು ಏದುಸಿರು ಬಿಡುತ್ತಿದ್ದರು.

ನನಗೆ ಎಲ್ಲಿತ್ತೋ ಕೋಪ. ಮಗುವಿನ ರಟ್ಟೆ ಹಿಡಿದು ಎಬ್ಬಿಸಿ ಬೈದೆ. "ಬುದ್ಧಿ ಇದ್ಯಾ ನಿಂಗೆ? ಚಕ್ರದ ಕೆಳಗೆ ಕೂತ್ಕೋತಾರಾ? ನಾಳೆ ಏನಾದ್ರೂ ಆದ್ರೆ ಯಾರ ತಲೆ ಮೇಲೆ?" ಎಂದು ರಸ್ತೆಯಲ್ಲಿ ಹೋಗುವವರೆಲ್ಲ ನಿಲ್ಲುವ ಹಾಗೆ ಕೂಗಿದೆ. ಅವಳು ಅಳಲೂ ಇಲ್ಲ, ಸುಮ್ಮನೆ ನನ್ನ ಮುಖ ನೋಡುತ್ತಿದ್ದಳು.

ಗುಂಡಯ್ಯನವರು ಕೈ ಮುಗಿದರು. "ನಿಮ್ದೇನೂ ತಪ್ಪಿಲ್ಲ ಸ್ವಾಮಿ, ನೀವು ಎಂಥ ಡ್ರೈವರು ಅಂತ ನಂಗೊತ್ತಿಲ್ವಾ. ಕುಣಿಗಲ್ ಬಸ್ಸಲ್ಲಿದ್ದಾಗಿಂದ ನೋಡಿದೀನಿ. ಈ ಮುಂಡೇದಕ್ಕೆ ಗ್ಯಾನ ಇಲ್ಲ" ಎಂದು ಮೊಮ್ಮಗಳ ತಲೆಗೆ ಮೊಟಕಿದರು. ತಪ್ಪಾಯ್ತು ಅಂತ ಹೇಳು ಎಂದರು. ಅವಳು ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡೇ ಕೈ ಜೋಡಿಸಿ "ತಪ್ಪಾಯ್ತು ಅಂಕಲ್" ಎಂದಳು.

ಆಯ್ತು, ಇನ್ನು ಮೇಲೆ ಹುಷಾರಾಗಿರು ಎಂದು ಬಂದು ಬಸ್ ಹತ್ತಿದೆ.

ಮನೆಯಲ್ಲಿ ಹೇಳಲಿಲ್ಲ. ಈಗಿನ ಮಕ್ಕಳಿಗೆ ತಂದೆತಾಯಿ ಏನೂ ಕಲಿಸುವುದಿಲ್ಲ.

ಜುಲೈ 11, ಶುಕ್ರವಾರ

ಬೆಳಿಗ್ಗೆ ಹೆಬ್ಬೂರಿನಲ್ಲಿ ಒಂಬತ್ತು ಮಕ್ಕಳು ಹತ್ತಿದರು. ಅಲ್ಲಿಂದ ಹೊಂಗೆಮರದ ಸ್ಟಾಪಿಗೆ ಬಂದು ನಿಲ್ಲಿಸಿದೆ. ಬಾಗಿಲು ತೆರೆದ ಸದ್ದಾಯಿತು, ಯಾರೂ ಹತ್ತಿದ ಹಾಗೆ ಕೇಳಲಿಲ್ಲ. ನೋಡಿದರೆ ಪೂಜಾ ರಸ್ತೆಯ ಆ ಕಡೆ, ನನ್ನ ಬಲಕ್ಕೆ, ಬ್ಯಾಗ್ ಹಾಕಿಕೊಂಡು ಒಬ್ಬಳೇ ನಿಂತಿದ್ದಾಳೆ. ಗುಂಡಯ್ಯನವರು ಬಾಗಿಲ ಕಡೆಯಿಂದ ಕರೆಯುತ್ತಿರುವುದು ಕೇಳಿಸುತ್ತಿತ್ತು. ಅವಳು ಅಲ್ಲಾಡಲಿಲ್ಲ. ಕೊನೆಗೆ ಅವರೇ ಬಸ್ಸಿನ ಹಿಂದಿನಿಂದ ಸುತ್ತಿಕೊಂಡು ಆ ಕಡೆ ಹೋದರು.

ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿ, "ಯಾಕಮ್ಮ ಅಲ್ಲಿ ನಿಂತಿದೀಯ? ಹತ್ತೋದು ಎಡಗಡೆಯಿಂದ ಅಲ್ವಾ?" ಎಂದೆ. ನಿನ್ನೆ ಬೈದದ್ದಕ್ಕೆ ಕೆಡುಕೆನಿಸಿತ್ತು, ಮೆತ್ತಗೇ ಕೇಳಿದೆ.

"ಆ ಕಡೆ ನಿಂತ್ರೆ ನಿಮ್ಗೆ ನಾನು ಕಾಣ್ಸಲ್ಲ ಅಂಕಲ್" ಎಂದಳು.

ಬಸ್ಸಿನೊಳಗಿನ ಮಕ್ಕಳು ಗೊಳ್ಳೆಂದು ನಕ್ಕರು. ಗುಂಡಯ್ಯನವರಿಗೆ ನಾಚಿಕೆಯಾಯಿತು. ಏನೇನೋ ಮಾತಾಡ್ತಳೆ ಸ್ವಾಮಿ, ಮನಸಿಗೆ ಹಾಕ್ಕೋಬೇಡಿ ಎಂದು ಅವಳ ಕೈ ಹಿಡಿದು ಬಸ್ಸಿನ ಮುಂದುಗಡೆಯಿಂದ ದಾಟಿಸಲು ಹೊರಟರು. ನಾನು ನೆಟ್ಟಗೆ ಕೂತು, ಮುಂದೆ ರಸ್ತೆಯನ್ನೇ ನೋಡುತ್ತಿದ್ದೆ. ಬೆಳಗಿನ ಬಿಸಿಲಿತ್ತು, ಗಾಜು ಶುದ್ಧವಾಗಿತ್ತು. ಕೆಂಪು ರಿಬ್ಬನ್ನಿನ ಎರಡು ಜಡೆ, ಬೆನ್ನಿಗಿಂತ ದೊಡ್ಡ ಬ್ಯಾಗು, ಪಕ್ಕದಲ್ಲಿ ತಾತನ ಬಿಳೀ ಪಂಚೆ. ಬಲಗಡೆಯಿಂದ ನಡೆದುಕೊಂಡು ಬಂದರು. ನನ್ನ ಸ್ಟೇರಿಂಗಿನ ನೇರಕ್ಕೆ ಬಂದರು.

ಆಮೇಲೆ ಇಲ್ಲ.

ಕತ್ತಲೆಯಾಗಲಿಲ್ಲ, ಮಸುಕಾಗಲಿಲ್ಲ. ರಸ್ತೆ ಇತ್ತು, ಗಾಜು ಇತ್ತು, ಅವರಿಬ್ಬರು ಇರಲಿಲ್ಲ. ಕತ್ತು ತಿರುಗಿಸಿದೆ, ಇದ್ದರು. ಮತ್ತೆ ನೇರ ನೋಡಿದೆ, ಇರಲಿಲ್ಲ.

ಎಂಜಿನ್ ಆರಿಸಿದೆ. ಹಿಂದಿನಿಂದ ಮಕ್ಕಳು "ಹೋಗಣ ಅಂಕಲ್, ಬೆಲ್ ಆಗುತ್ತೆ" ಎನ್ನುತ್ತಿದ್ದರು. ಇಳಿದು, ಬಸ್ಸಿನ ಮೈ ಹಿಡಿದುಕೊಂಡೇ ಎಡಗಡೆಗೆ ಹೋಗಿ, ಮೆಟ್ಟಿಲ ಮೇಲಿದ್ದ ಪೂಜಾಳನ್ನು ಎತ್ತಿ ಕೆಳಗಿಳಿಸಿದೆ. ಗುಂಡಯ್ಯನವರ ಕೈಗೆ ಕೀ ಕೊಟ್ಟು, ನಾನು ಕೇಳಿದರೂ ಕೊಡಬೇಡಿ ಎಂದೆ. ಅವರಿಗೆ ಏನೂ ಅರ್ಥವಾಗಲಿಲ್ಲ. ಶಾಲೆಗೆ ಫೋನ್ ಮಾಡಿ ಬೇರೆ ಡ್ರೈವರನ್ನು ಕಳಿಸಿ ಎಂದೆ. ಆಮೇಲೆ ಮೋನಿಕಾಳಿಗೆ ಮಾಡಿದೆ. ಮೂರು ದಿನದಿಂದ ನಾನು ಮಾತಾಡಿಸದಿದ್ದವಳು ಒಂದೇ ರಿಂಗಿಗೆ ಎತ್ತಿದಳು.

"ಅರ್ಧ ಕಾಣಿಸ್ತಿಲ್ಲ ಕಣಮ್ಮ" ಎಂದೆ.

ಅವಳು ಬೈಯಲಿಲ್ಲ. "ಯಾರಿಗೂ ಏನೂ ಆಗಿಲ್ಲ ತಾನೇ ಅಪ್ಪ? ಅಲ್ಲೇ ಕೂತ್ಕೊ, ಬಂದೆ" ಎಂದಳು. ಫೋನ್ ಇಡುವ ಮುಂಚೆ, ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದಳು.

ಗೊತ್ತಿಲ್ಲ ಎಂದೆ. ಮೇ ತಿಂಗಳಿಂದಲೋ, ಅದಕ್ಕೂ ಮುಂಚಿನಿಂದಲೋ, ನಿಜವಾಗಿ ಗೊತ್ತಿಲ್ಲ. ಅಷ್ಟೂ ದಿನ ಇಪ್ಪತ್ತೆರಡು ಮಕ್ಕಳು ಎಡಗಡೆಯಿಂದಲೇ ಹತ್ತಿದ್ದಾರೆ, ಎಡಗಡೆಯಿಂದಲೇ ಇಳಿದಿದ್ದಾರೆ.